ಮೂರು ದಿನದ ಪೀಪಾಯಿ

ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬ ಜೋಡಿಪದದ ಮೊಟಕು ರೂಪ. ಬೆಂಗಳೂರಿಗೆ ಈ ಮಾತು ಬರುವಾಗ ಹಿಂದಿನ ‘ಹೌಸ್’ ಇಂಗ್ಲೆಂಡಿನಲ್ಲೇ ಉಳಿದುಬಿಟ್ಟಿತು. ಹಾಗಾಗಿ ನಮ್ಮ ಕಿವಿಗೆ ಪಬ್ ಎಂದರೆ ಮಬ್ಬು ಬೆಳಕು, ಅಬ್ಬರದ ಸಂಗೀತ, ಶನಿವಾರದ ರಾತ್ರಿ. ಇಂಗ್ಲೆಂಡಿನ ಹಳ್ಳಿಯ ಪಬ್ ಇದಕ್ಕೆ ತೀರ ದೂರ. ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು, ಹೊಗೆ ಹಿಡಿದ ತೊಲೆಗಳು, ಕಲ್ಲುಚಪ್ಪಡಿಯ ನೆಲ, ದೊಡ್ಡ ಒಲೆಗೂಡಿನಲ್ಲಿ ಉರಿಯುವ ಕೊರಡು, ಅದರ ಮುಂದೆ ಮಲಗಿದ ಯಾರದೋ ನಾಯಿ. ಅದು ನಿಜಕ್ಕೂ ಮನೆ. ಊರಿಗೆಲ್ಲ ತೆರೆದಿಟ್ಟ ಮನೆ.

ಪ್ರವಾಸಿಗರು ಫೋಟೋ ತೆಗೆಯುವುದು ಆ ತೊಲೆಗಳನ್ನು, ಒಲೆಯನ್ನು, ಬಾಗಿಲ ಮೇಲೆ ತೂಗುವ ಬಣ್ಣದ ಹಲಗೆಯನ್ನು. ಪಬ್ಬಿನ ಜೀವ ಇರುವುದು ಅಲ್ಲಲ್ಲ. ಅದು ಕಾಲಡಿಯ ನೆಲಮಾಳಿಗೆಯಲ್ಲಿ, ‘ಏಲ್’ ಎಂಬ ಬಗೆಯ ಬಿಯರ್ ತುಂಬಿ ಅಡ್ಡ ಮಲಗಿಸಿದ ಪೀಪಾಯಿಯೊಳಗಿದೆ. ಒಮ್ಮೆ ಮಾರಾಟಕ್ಕೆ ತೆರೆದರೆ ಆ ಪೀಪಾಯಿಗೆ ಸುಮಾರು ಮೂರು ದಿನದ ಆಯುಸ್ಸು. ಅಷ್ಟರೊಳಗೆ ಊರು ಅದನ್ನು ಕುಡಿದು ಮುಗಿಸಬೇಕು. ಹಳ್ಳಿಯ ಪಬ್ ಹುಟ್ಟಿದ್ದಕ್ಕೂ ಉಳಿದದ್ದಕ್ಕೂ ಮುಚ್ಚಿಹೋಗುತ್ತಿರುವುದಕ್ಕೂ ಈ ಒಂದು ಲೆಕ್ಕ ಹಿಡಿದು ಹೊರಟರೆ ಬಹಳಷ್ಟು ಅರ್ಥವಾಗುತ್ತದೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ಕಾಯಿಸುವುದು ಹೆಚ್ಚಾಗಿ ಹೆಂಗಸರ ಮನೆಗೆಲಸ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೀರು, ಯೀಸ್ಟ್, ಇಷ್ಟೇ ಸಾಮಗ್ರಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಇನ್ನೂ ಬಂದಿರಲಿಲ್ಲ. ಹಾಪ್ಸ್ ಇಲ್ಲದ ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು. ಬೆಳಿಗ್ಗೆ ಇಳಿಸಿದ ಹೆಂಡದ ಹಾಗೆ ಒಂದೇ ಸಂಜೆಗಲ್ಲದಿದ್ದರೂ, ಒಂದು ಮನೆಯವರು ಕುಡಿದು ಮುಗಿಸುವ ಮೊದಲೇ ಕೆಡುವುದಂತೂ ಖಚಿತ. ಆದ್ದರಿಂದ ಏಲ್ ಹದವಾದ ದಿನ ಬಾಗಿಲಿಗೆ ಒಂದು ಕೋಲು ನೆಟ್ಟು, ತುದಿಗೆ ಸೊಪ್ಪಿನ ಕಟ್ಟು ಸಿಕ್ಕಿಸುತ್ತಿದ್ದರು. ಅದನ್ನು ಕಂಡ ನೆರೆಹೊರೆಯವರು ಕಾಸು ಕೊಟ್ಟು ಕುಡಿದು ಹೋಗುತ್ತಿದ್ದರು. ಮುಂದಿನ ವಾರ ಆ ಕೋಲು ಇನ್ನೊಂದು ಮನೆಯ ಬಾಗಿಲಲ್ಲಿ. ಕೆಡುವ ಮುನ್ನ ಖರ್ಚಾಗಲೇಬೇಕಾದ ಸರಕೊಂದು ಮನೆಯ ಬಾಗಿಲನ್ನು ಊರಿಗೆ ತೆರೆಸಿದ್ದು ಹೀಗೆ.

1266ರ ಸುಮಾರಿಗೆ ಬಂದ ಕಾಯ್ದೆಯೊಂದು ಬ್ರೆಡ್ಡಿನ ತೂಕವನ್ನೂ ಏಲ್‌ನ ಬೆಲೆಯನ್ನೂ ಧಾನ್ಯದ ಧಾರಣೆಗೆ ಕಟ್ಟಿಹಾಕಿತು. ಏಲ್ ಸರಿಯಿದೆಯೇ, ಅಳತೆ ಸರಿಯಿದೆಯೇ ಎಂದು ನೋಡಲು ಊರೂರಿಗೆ ರುಚಿ ನೋಡುವ ಅಧಿಕಾರಿಗಳು ನೇಮಕವಾದರು. 1393ರಲ್ಲಿ ಎರಡನೇ ರಿಚರ್ಡ್‌ನ ಕಾಲದಲ್ಲಿ, ಮಾರುವುದಕ್ಕಾಗಿ ಏಲ್ ಕಾಯಿಸುವವರು ಹೊರಗೆ ಗುರುತು ತೂಗುಹಾಕಲೇಬೇಕು ಎಂಬ ನಿಯಮ ಬಂತು. ಓದು ಬಾರದ ಜನಕ್ಕೆ ಚಿತ್ರವೇ ಹೆಸರು. ಆ ರಾಜನ ಲಾಂಛನವಾಗಿದ್ದ ಬಿಳಿ ಜಿಂಕೆ ಇಂದಿಗೂ ‘ವೈಟ್ ಹಾರ್ಟ್’ ಎಂಬ ಹೆಸರಿನಲ್ಲಿ ನೂರಾರು ಪಬ್‌ಗಳ ಮುಂದೆ ತೂಗುತ್ತಿದೆ. ‘ರಾಯಲ್ ಓಕ್’ ಎಂದಿದ್ದರೆ, 1651ರಲ್ಲಿ ವೂಸ್ಟರ್ ಯುದ್ಧದಲ್ಲಿ ಸೋತ ಎರಡನೇ ಚಾರ್ಲ್ಸ್ ಬಾಸ್ಕೊಬೆಲ್‌ನ ಓಕ್ ಮರದಲ್ಲಿ ಅಡಗಿ ಕುಳಿತ ನೆನಪು. ದೇಶದ ಅತ್ಯಂತ ಹಳೆಯ ಪಬ್ ನಮ್ಮದೇ ಎಂದು ಹೇಳಿಕೊಳ್ಳುವ ಹಲಗೆಗಳೂ ಬೇಕಾದಷ್ಟಿವೆ. ಅವನ್ನು ನಂಬಿ ದಾರಿ ಬದಲಿಸಬೇಕಾಗಿಲ್ಲ. ಕಟ್ಟಡ ಹಳೆಯದಾಗಿರುವುದು ಬೇರೆ, ಅಲ್ಲಿ ಅಷ್ಟು ಕಾಲದಿಂದ ಏಲ್ ಮಾರುತ್ತಿದ್ದರು ಎಂಬುದಕ್ಕೆ ದಾಖಲೆ ಇರುವುದು ಬೇರೆ.

15ನೇ ಶತಮಾನದಲ್ಲಿ ಸಮುದ್ರದಾಚೆಯ ತಗ್ಗುನಾಡುಗಳಿಂದ (ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ) ಹಾಪ್ಸ್ ಬೆರೆಸಿದ ಬಿಯರ್ ಇಂಗ್ಲೆಂಡಿನಲ್ಲಿ ಬೇರೂರಿತು. ಹಾಪ್ಸ್ ಕಹಿಯನ್ನಷ್ಟೇ ಕೊಡುವುದಿಲ್ಲ, ಹುಳಿ ಬರಿಸುವ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ. ಹೆಚ್ಚು ದಿನ ಬಾಳುವ ಬಿಯರನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ದೂರಕ್ಕೆ ಸಾಗಿಸಬಹುದು. ಅಲ್ಲಿಂದ ಮುಂದೆ ಕಾಯಿಸುವ ಕೆಲಸ ಮೆಲ್ಲಮೆಲ್ಲನೆ ಹೆಂಗಸರ ಕೈತಪ್ಪಿ, ಬಂಡವಾಳ ಇದ್ದವರ ಬ್ರೂವರಿಗೆ ಹೋಯಿತು. 1552ರಲ್ಲಿ ಏಲ್ ಮನೆಗಳಿಗೆ ಊರಿನ ಮ್ಯಾಜಿಸ್ಟ್ರೇಟರ ಲೈಸೆನ್ಸ್ ಕಡ್ಡಾಯವಾಯಿತು.

ಇಂದು ಕಾಣುವ ಹಳ್ಳಿ ಪಬ್‌ಗಳ ಗಾತ್ರವನ್ನೂ ಆಕಾರವನ್ನೂ ವಿವರಿಸುವ ವರ್ಷ ಮಾತ್ರ 1830. ಜಿನ್ ಚಟದಿಂದ ಜನರನ್ನು ಬಿಡಿಸಬೇಕು, ದೊಡ್ಡ ಬ್ರೂವರಿಗಳ ಹಿಡಿತವನ್ನು ಸಡಿಲಿಸಬೇಕು ಎಂದು ಸರ್ಕಾರ ಹೊಸ ಕಾಯ್ದೆ ತಂದಿತು. ತೆರಿಗೆ ಕಟ್ಟುವ ಯಾವ ಮನೆಯವನೂ ಎರಡು ಗಿನಿ (ಎರಡು ಪೌಂಡಿಗೆ ತುಸು ಹೆಚ್ಚು) ಕೊಟ್ಟರೆ ಮ್ಯಾಜಿಸ್ಟ್ರೇಟರ ಹಂಗಿಲ್ಲದೆ ಬಿಯರ್ ಮಾರಬಹುದು. ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಬಿಯರ್ ಮನೆಗಳು ತೆರೆದವು. ಬಡಗಿ, ಕಮ್ಮಾರ, ಚಮ್ಮಾರ ತಮ್ಮ ಕಸುಬಿನ ಜೊತೆಗೆ ಮುಂದಿನ ಕೋಣೆಯಲ್ಲಿ ಎರಡು ಬೆಂಚು ಹಾಕಿ ಬಿಯರ್ ಕೊಡತೊಡಗಿದರು. ಹಳ್ಳಿಯ ಎಷ್ಟೋ ಪಬ್‌ಗಳು ಸಾಲುಮನೆಯ ಹಾಗೆ ಕಾಣುವುದು ಅವು ಸಾಲುಮನೆಗಳೇ ಆಗಿದ್ದರಿಂದ. ಈ ಸಡಿಲಿಕೆ 1869ರಲ್ಲಿ ಮುಗಿಯಿತು, ಲೈಸೆನ್ಸ್ ಮತ್ತೆ ಮ್ಯಾಜಿಸ್ಟ್ರೇಟರ ಕೈಗೆ ಬಂತು. ಹೊಸ ಲೈಸೆನ್ಸ್ ಸಿಗುವುದು ಕಷ್ಟವಾದ ಮೇಲೆ ಬ್ರೂವರಿಗಳು ಇದ್ದ ಪಬ್‌ಗಳನ್ನೇ ಕೊಳ್ಳಲು ಮುಗಿಬಿದ್ದವು. ಬ್ರೂವರಿಯ ಪಬ್ ಎಂದರೆ ಬ್ರೂವರಿಯದೇ ಬಿಯರ್. ‘ಟೈ’ ಎನ್ನುವ ಈ ಕಟ್ಟು ಇಂದಿಗೂ ಪೂರ್ತಿ ಬಿಚ್ಚಿಲ್ಲ.

ಕೌಂಟರ್ ಎಂಬುದು ಪಬ್‌ಗೆ ತಡವಾಗಿ ಬಂದ ಸಾಮಾನು. ಮೊದಲು ಕುಳಿತವರ ಬಳಿಗೆ ನೆಲಮಾಳಿಗೆಯಿಂದ ಹೂಜಿಯಲ್ಲಿ ಬಿಯರ್ ತಂದು ಬಗ್ಗಿಸುತ್ತಿದ್ದರು. ಪೀಪಾಯಿಯಿಂದ ಬಿಯರನ್ನು ಮೇಲಕ್ಕೆಳೆಯುವ ಯಂತ್ರಕ್ಕೆ 1691ರಲ್ಲೇ ಜಾನ್ ಲಾಫ್ಟಿಂಗ್ ಪೇಟೆಂಟ್ ಪಡೆದಿದ್ದರು. ಜೋಸೆಫ್ ಬ್ರಾಮಾ 1797ರಲ್ಲಿ ಅದನ್ನು ಸುಧಾರಿಸಿದರು. ಕೈಪಂಪು ಬಂದ ಮೇಲೆ ಬಿಯರ್ ತಾನಾಗಿ ಮಹಡಿಗೆ ಏರಿತು, ಗಿರಾಕಿಗಳು ಅದು ಬೀಳುವ ಜಾಗಕ್ಕೆ ಎದ್ದು ಬಂದರು, ಅಲ್ಲೊಂದು ಹಲಗೆ ಬೇಕಾಯಿತು. ಈ ಬದಲಾವಣೆಗೆ ಒಳಗಾಗದ ಪಬ್‌ಗಳೂ ಇವೆ. ಬರ್ಕ್‌ಶೈರಿನ ಆಲ್ಡ್‌ವರ್ತ್ ಹಳ್ಳಿಯ ‘ಬೆಲ್ ಇನ್’ನಲ್ಲಿ ಈಗಲೂ ಕೌಂಟರ್ ಇಲ್ಲ, ಗಾಜಿನ ಚೌಕಟ್ಟಿನ ಪುಟ್ಟ ಕಿಂಡಿಯೊಂದರಿಂದ ಬಿಯರ್ ಕೊಡುತ್ತಾರೆ. ಒಂದೇ ಕುಟುಂಬ ಅದನ್ನು 250 ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದಿದೆ. ಸಫೊಕ್‌ನ ಲ್ಯಾಕ್ಸ್‌ಫೀಲ್ಡ್‌ನ ‘ಕಿಂಗ್ಸ್ ಹೆಡ್’ನಲ್ಲಿ ಪೀಪಾಯಿ ಇರುವ ಕೋಣೆಗೆ ಹೋಗಿ ನೇರ ನಲ್ಲಿಯಿಂದ ತುಂಬಿ ತರುತ್ತಾರೆ.

ಈಗ ನೆಲಮಾಳಿಗೆಗೆ ಇಳಿಯೋಣ.

ಹಳ್ಳಿ ಪಬ್‌ನಲ್ಲಿ ಹೆಚ್ಚು ಬಳಕೆಯಾಗುವ ಪೀಪಾಯಿಯ ಹೆಸರು ‘ಫರ್ಕಿನ್’. 9 ಗ್ಯಾಲನ್, ಅಂದರೆ ಸುಮಾರು 41 ಲೀಟರ್, ಅಂದರೆ 568 ಮಿಲಿಲೀಟರಿನ 72 ಪೈಂಟ್. ತುಂಬಿದಾಗ 50 ಕಿಲೋ ಮೀರುತ್ತದೆ. ಇದರ ಅರ್ಧ ‘ಪಿನ್’, ಇಮ್ಮಡಿ ‘ಕಿಲ್ಡರ್ಕಿನ್’. ಬ್ರೂವರಿಯಲ್ಲಿ ತುಂಬುವಾಗ ಬಿಯರನ್ನು ಸೋಸಿ ಯೀಸ್ಟ್ ತೆಗೆಯುವುದಿಲ್ಲ. ಉಳಿದ ಸಕ್ಕರೆಯನ್ನು ಆ ಯೀಸ್ಟ್ ಪೀಪಾಯಿಯೊಳಗೇ ತಿನ್ನುತ್ತ ಎರಡನೇ ಸಲ ಹುದುಗು ಏರಿಸುತ್ತದೆ. ಬಿಯರಿನ ಮೃದುವಾದ ಬುರುಗು ಬರುವುದು ಅದರಿಂದ, ಹೊರಗಿನಿಂದ ತುಂಬಿದ ಗ್ಯಾಸಿನಿಂದಲ್ಲ. ಪಬ್ಬಿನ ಯಜಮಾನನಿಗೆ ಬರುವುದು ಅರ್ಧ ಮುಗಿದ ಅಡುಗೆ. ಅದನ್ನು ಹದಕ್ಕೆ ತರುವುದು ಅವನ ಕೈಯಲ್ಲಿದೆ. ಒಂದೇ ಬ್ರೂವರಿಯ ಒಂದೇ ಬಿಯರ್ ಎರಡು ಪಬ್‌ಗಳಲ್ಲಿ ಎರಡು ರುಚಿಯಾಗಿರುವುದಕ್ಕೆ ಇದೇ ಕಾರಣ.

ಪೀಪಾಯಿಯನ್ನು ‘ಸ್ಟಿಲೇಜ್’ ಎಂಬ ಚೌಕಟ್ಟಿನ ಮೇಲೆ ಹೊಟ್ಟೆ ಮೇಲಾಗಿ ಮಲಗಿಸಿ, ಅಲುಗದಂತೆ ಆಪು ಕೊಡಬೇಕು. ಹೊಟ್ಟೆಯ ಮೇಲಿನ ತೂತಿನ ಬೂಚಿಗೆ ‘ಶೈವ್’ ಎಂದು ಹೆಸರು. ಮುಖದ ಕೆಳಭಾಗದ ಬೂಚು ‘ಕೀಸ್ಟೋನ್’. ಮಾಳಿಗೆಯ ಉಷ್ಣತೆ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊಸ ಪೀಪಾಯಿ ಆ ಹದಕ್ಕೆ ಬರುವವರೆಗೆ ಮುಟ್ಟಬಾರದು. ಆಮೇಲೆ ಶೈವ್‌ನ ನಡುವೆ ಮೆತ್ತನೆಯ ಮರದ ಸಣ್ಣ ಗೂಟವೊಂದನ್ನು ಕೊಡತಿಯಿಂದ ಬಡಿದು ಕೂರಿಸುತ್ತಾರೆ. ಇದರ ಹೆಸರು ‘ಸ್ಪೈಲ್’. ಮೆತ್ತನೆಯ ಮರದ ರಂಧ್ರಗಳಿಂದ ಒಳಗಿನ ಹೆಚ್ಚುವರಿ ಅನಿಲ ಹೊರಬರುತ್ತದೆ, ಜೊತೆಗೆ ನೊರೆ ಉಕ್ಕುತ್ತದೆ. ಉಕ್ಕಿದ ನೊರೆಯನ್ನು ಒರೆಸುತ್ತ ನೋಡುತ್ತಿರಬೇಕು. ಗೂಟ ಕಟ್ಟಿಕೊಂಡರೆ ಬದಲಿಸಬೇಕು. ಒರೆಸಿದ ಮೇಲೆ ಗುಳ್ಳೆ ಮತ್ತೆ ಏಳುವುದು ನಿಧಾನವಾಯಿತು ಎಂದರೆ ಹದ ಬಂತು. ಆಗ ಮೆತ್ತನೆಯದನ್ನು ಕಿತ್ತು ಗಟ್ಟಿ ಮರದ ಗೂಟ ಬಡಿದು, ಉಳಿದ ಅನಿಲವನ್ನು ಒಳಗೇ ಹಿಡಿದಿಡಬೇಕು. ಇಲ್ಲಿ ಅವಸರ ಮಾಡಿದರೆ ಬಿಯರ್ ನೊರೆನೊರೆಯಾಗಿ ಉಕ್ಕುತ್ತದೆ. ಮರೆತು ಬಿಟ್ಟರೆ ಸಪ್ಪೆಯಾಗುತ್ತದೆ.

ನಲ್ಲಿ ಹೊಡೆಯುವುದು ಅನಿಲ ಬಿಟ್ಟ ಮೇಲೆಯೇ. ಮೊದಲೇ ಹೊಡೆದರೆ ಒತ್ತಡಕ್ಕೆ ಬಿಯರ್ ಮುಖಕ್ಕೆ ಚಿಮ್ಮುತ್ತದೆ. ಕೀಸ್ಟೋನನ್ನು ತೊಳೆದು, ನಲ್ಲಿ ಮುಚ್ಚಿದೆಯೇ ಎಂದು ನೋಡಿ, ನೇರ ಹಿಡಿದು, ಗಟ್ಟಿಯಾಗಿ ಒಂದೇ ಏಟು. ಅಳುಕಿನ ಎರಡು ಮೂರು ಏಟು ಹಾಕಿದರೆ ಬೂಚು ಸೀಳಿ ಸೋರತೊಡಗುತ್ತದೆ.

ಸ್ಪೈಲ್ ಬಡಿದ ಮೇಲೆ 24ರಿಂದ 48 ಗಂಟೆಯಲ್ಲಿ ಬಿಯರ್ ತಿಳಿಯಾಗುತ್ತದೆ. ಯೀಸ್ಟನ್ನು ತಳಕ್ಕೆ ಎಳೆಯಲು ಬ್ರೂವರಿಯವರು ‘ಐಸಿಂಗ್ಲಾಸ್’ ಸೇರಿಸಿರುತ್ತಾರೆ. ಇದು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ. ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು: ಬಿಯರಿನಲ್ಲಿ ಬಾರ್ಲಿಯಲ್ಲದೆ ಇನ್ನೇನಿದೆ ಎಂದು ನಂಬಿ ಕುಡಿಯುವವರು ಬಹಳ. ಐಸಿಂಗ್ಲಾಸ್ ಹಾಕದ, ಸ್ವಲ್ಪ ಮಬ್ಬಾಗಿಯೇ ಇರುವ ಏಲ್ ಮಾಡುವ ಬ್ರೂವರಿಗಳೂ ಇವೆ. ಕೇಳಿದರೆ ಪಬ್ಬಿನವರು ಹೇಳುತ್ತಾರೆ. ಬೇಸಿಗೆಯಲ್ಲಿ ಪೀಪಾಯಿ ಬಿಸಿಲಿನಲ್ಲಿ ನಿಂತು 20 ಡಿಗ್ರಿ ದಾಟಿತೆಂದರೆ ಈ ಐಸಿಂಗ್ಲಾಸ್ ಕೆಲಸ ಕಳೆದುಕೊಳ್ಳುತ್ತದೆ, ಆ ಬಿಯರ್ ಆಮೇಲೆ ತಿಳಿಯಾಗುವುದು ಕಷ್ಟ. ಅತಿ ತಂಪಾದರೂ ಮಬ್ಬು ಕವಿಯುತ್ತದೆ, ಆದರೆ ಹದದ ಉಷ್ಣತೆಗೆ ಬಂದರೆ ಆ ಮಬ್ಬು ಹೋಗುತ್ತದೆ.

ಮಾರಾಟದ ಹೊತ್ತಿನಲ್ಲಿ ಗಟ್ಟಿ ಗೂಟ ತೆಗೆದಿರಬೇಕು. ಬಿಯರ್ ಇಳಿದಷ್ಟು ಗಾಳಿ ಒಳಹೋಗದಿದ್ದರೆ ಪಂಪು ಬಿಗಿಯುತ್ತದೆ, ತಳದ ಚರಟ ಕದಡುತ್ತದೆ. ಒಳಗೆ ಹೋಗುವ ಆ ಗಾಳಿಯೇ ಬಿಯರಿನ ಶತ್ರುವೂ ಹೌದು. ಮೊದಲು ಬುರುಗು ಇಳಿಯುತ್ತದೆ, ಆಮೇಲೆ ಹಸಿ ರಟ್ಟಿನಂಥ ವಾಸನೆ, ಕೊನೆಗೆ ವಿನೆಗರ್. ರಾತ್ರಿ ಬಾಗಿಲು ಹಾಕುವಾಗ ಮತ್ತೆ ಗಟ್ಟಿ ಗೂಟ ಬಡಿಯುವುದು ಈ ಓಟವನ್ನು ತುಸು ನಿಧಾನಿಸುವುದಕ್ಕೆ. ಅರ್ಧದಿಂದ ಮೂರನೇ ಒಂದು ಪಾಲು ಉಳಿದಾಗ ಹಿಂಬದಿಯನ್ನು ಮೆಲ್ಲಗೆ ಎತ್ತಿ ಓರೆ ಮಾಡಬೇಕು. ಖಾಲಿಯಾಗುವ ಹೊತ್ತಿಗೆ ಗಡಿಬಿಡಿಯಲ್ಲಿ ಎತ್ತಿದರೆ ಚರಟವೆಲ್ಲ ಗ್ಲಾಸಿಗೆ ಬರುತ್ತದೆ.

ಲೆಕ್ಕ ಈಗ ಮಾಡಿ. ಚರಟಕ್ಕೆ ಕೆಲವು ಪೈಂಟ್ ಬಿಟ್ಟರೂ ಒಂದು ಫರ್ಕಿನ್ ಮೂರು ದಿನದಲ್ಲಿ ಮುಗಿಯಬೇಕಾದರೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಪೈಂಟ್ ಹೋಗಬೇಕು, ಅದೂ ಒಂದೇ ಏಲ್. ನಾಲ್ಕು ಕೈಪಂಪು ಇಟ್ಟರೆ ಎಂಬತ್ತು ತೊಂಬತ್ತು ಪೈಂಟ್. ಮುನ್ನೂರು ಜನರ ಹಳ್ಳಿಯಲ್ಲಿ ಜನವರಿಯ ಮಂಗಳವಾರ ರಾತ್ರಿ ಅಷ್ಟು ಕುಡಿಯುವವರು ಎಲ್ಲಿದ್ದಾರೆ? ಸಾಲಾಗಿ ಎಂಟು ಪಂಪು ನಿಲ್ಲಿಸಿದ ಹಳ್ಳಿ ಪಬ್ ನೋಡಲು ಚೆಂದ, ಆದರೆ ವಹಿವಾಟು ಇಲ್ಲದಿದ್ದರೆ ಅವುಗಳಲ್ಲಿ ಆರು ಹಳಸುತ್ತಿರುತ್ತವೆ. ಎರಡೇ ಪಂಪು ಇಟ್ಟು, ಎರಡನ್ನೂ ತಾಜಾ ಕೊಡುವ ಯಜಮಾನನೇ ಕಸುಬು ಬಲ್ಲವನು. ತೀರ ಸಣ್ಣ ಪಬ್ ಪಿನ್ ತರಿಸುವುದು ಒಳ್ಳೆಯದು. ಹೊರಗಿನ ಗಾಳಿಯ ಬದಲು ಒತ್ತಡವಿಲ್ಲದ ಇಂಗಾಲದ ಡೈಆಕ್ಸೈಡ್ ಒಳಗೆಳೆಯುವ ಸಾಧನವೂ ಇದೆ. 1971ರಲ್ಲಿ ಹುಟ್ಟಿ ಪೀಪಾಯಿ ಏಲನ್ನು ಕಾಪಾಡಿದ ಗ್ರಾಹಕರ ಸಂಘ ‘ಕ್ಯಾಮ್ರಾ’ ಬಹಳ ಕಾಲ ಇದನ್ನು ಒಪ್ಪುತ್ತಿರಲಿಲ್ಲ, 2018ರಲ್ಲಿ ವಿರೋಧ ಕೈಬಿಟ್ಟಿತು. ಸಣ್ಣ ಊರುಗಳ ಮಟ್ಟಿಗೆ ಇದು ಸರಿಯಾದ ನಿರ್ಧಾರ.

ಪೈಪಿನ ಸ್ವಚ್ಛತೆ ಇನ್ನೊಂದು ದೊಡ್ಡ ಕೆಲಸ. ವಾರಕ್ಕೊಮ್ಮೆ, ತಪ್ಪದೆ. ಪೀಪಾಯಿಯಿಂದ ಪೈಪ್ ಬಿಡಿಸಿ, ನೀರು ಎಳೆದು ಬಿಯರ್ ಹೊರಹಾಕಿ, ಕ್ಷಾರದ ದ್ರಾವಣವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ತಣ್ಣೀರಿಗೆ ಬೆರೆಸಿ ಎಳೆಯಬೇಕು. ಅರ್ಧ ಗಂಟೆಯಷ್ಟು ನಿಲ್ಲಿಸಿ, ನಡುನಡುವೆ ಎಳೆದು ಹೊಸ ದ್ರಾವಣ ತುಂಬಬೇಕು. ಆಮೇಲೆ ಕ್ಷಾರದ ಜಿಗುಟು ಪೂರ್ತಿ ಹೋಗುವವರೆಗೆ ಶುದ್ಧ ನೀರು. ದ್ರಾವಣ ಗಾಢ ಮಾಡಿ ಬೇಗ ಮುಗಿಸುತ್ತೇನೆ ಎಂದರೆ ಪೈಪಿನ ಒಳಮೈ ಹಾಳಾಗಿ ಯೀಸ್ಟ್ ಇನ್ನಷ್ಟು ಅಂಟುತ್ತದೆ. ಗ್ಲಾಸಿಗೆ ಎಣ್ಣೆ ಜಿಡ್ಡು ತಾಗಬಾರದು. ಅಡುಗೆಮನೆಯ ತಟ್ಟೆ, ಹಾಲು ಕುಡಿದ ಕಪ್ಪಿನ ಜೊತೆ ತೊಳೆದ ಗ್ಲಾಸಿನಲ್ಲಿ ನೊರೆ ನಿಲ್ಲುವುದಿಲ್ಲ.

ನೊರೆಯ ವಿಚಾರದಲ್ಲಿ ದೇಶವೇ ಎರಡು. ಉತ್ತರದವರು ಪಂಪಿನ ಮೂತಿಗೆ ಸಣ್ಣ ತೂತುಗಳ ‘ಸ್ಪಾರ್ಕ್ಲರ್’ ಸಿಕ್ಕಿಸಿ ಕೆನೆಯಂಥ ನೊರೆ ಬರಿಸುತ್ತಾರೆ. ದಕ್ಷಿಣದವರಿಗೆ ಅದು ಬಿಯರಿನ ಬುರುಗನ್ನು ಕೊಲ್ಲುವ ಕೆಲಸ. ಯಾರ್ಕ್‌ಶೈರಿನ ಏಲನ್ನು ನೊರೆಯೊಂದಿಗೂ ಕೆಂಟ್‌ನ ಏಲನ್ನು ನೊರೆಯಿಲ್ಲದೆಯೂ ಕುಡಿಯುವುದು ಸರಿ. ಆಯಾ ಬ್ರೂವರಿಯವರು ಅದಕ್ಕೆ ತಕ್ಕಂತೆಯೇ ಮಾಡಿರುತ್ತಾರೆ.

ಮೇಲಿನ ಕೋಣೆಗಳಿಗೂ ಒಂದೊಂದು ಕಥೆ. ಕೆಸರು ಬೂಟಿನ ದುಡಿಯುವ ಜನಕ್ಕೆ ಹಲಗೆ ಬೆಂಚಿನ ‘ಪಬ್ಲಿಕ್ ಬಾರ್’, ಬೆಲೆ ತುಸು ಕಡಿಮೆ. ರತ್ನಗಂಬಳಿ ಹಾಸಿದ ‘ಸಲೂನ್’ ಉಳ್ಳವರಿಗೆ. ಯಾರ ಕಣ್ಣಿಗೂ ಬೀಳದೆ ಕುಡಿಯಬಯಸಿದವರಿಗೆ, ಅದರಲ್ಲೂ ಹೆಂಗಸರಿಗೆ, ‘ಸ್ನಗ್’ ಎಂಬ ಪುಟ್ಟ ಗೂಡು. 1960ರ ನಂತರ ಎಷ್ಟೋ ಕಡೆ ಈ ಗೋಡೆಗಳನ್ನು ಒಡೆದು ಒಂದೇ ಹಜಾರ ಮಾಡಿದರು. ವರ್ಗಭೇದ ಅಳಿದದ್ದು ಒಳ್ಳೆಯದೇ, ಆದರೆ ನಾಲ್ಕು ಜನ ಮೆಲ್ಲಗೆ ಮಾತಾಡಬಹುದಾದ ಮೂಲೆಗಳೂ ಹೋದವು. ಉಳಿದ ಕಡೆ ಆಟಗಳಿವೆ: ಡಾಮಿನೋಸ್, ಕ್ರಿಬೇಜ್, ಪಶ್ಚಿಮದ ಕೌಂಟಿಗಳಲ್ಲಿ ಒಂಬತ್ತು ಗೂಟಗಳ ಸ್ಕಿಟಲ್ಸ್, ಆಕ್ಸ್‌ಫರ್ಡ್‌ಶೈರಿನಲ್ಲಿ ಆಂಟ್ ಸ್ಯಾಲಿ. ಡಾರ್ಟ್ಸ್ ಹಲಗೆಯ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರ, ಎಸೆಯುವ ಗೆರೆ 2.37 ಮೀಟರ್ ದೂರ. ಬಾಗಿಲಿಗೆ ಹೋಗುವ ದಾರಿಯಲ್ಲಿ ಹಲಗೆ ನೇತುಹಾಕಬಾರದು ಎಂಬುದನ್ನು ಪಬ್‌ಗಳು ಬೇಗ ಕಲಿತಿವೆ.

ಪಬ್‌ಗಳು ಮುಚ್ಚುತ್ತಿರುವುದಕ್ಕೆ ಒಂದೇ ಕಾರಣ ಇಲ್ಲ. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರ್, ಕುಡಿದು ವಾಹನ ಓಡಿಸಬಾರದೆಂಬ ಸರಿಯಾದ ಎಚ್ಚರ, ಹೊಲಗೆಲಸದವರಿಲ್ಲದ ಹಳ್ಳಿ, ಕರೆಂಟಿನ ಬಿಲ್ಲು. 1989ರಲ್ಲಿ ಸರ್ಕಾರ, 2000ಕ್ಕಿಂತ ಹೆಚ್ಚು ಪಬ್ ಇದ್ದ ಬ್ರೂವರಿಗಳು ಆ ಮಿತಿ ಮೀರಿದವುಗಳಲ್ಲಿ ಅರ್ಧದಷ್ಟನ್ನು ಕಟ್ಟಿನಿಂದ ಬಿಡಬೇಕೆಂದಿತು. ಬ್ರೂವರಿಗಳು ಸಗಟಾಗಿ ಮಾರಿದವು, ಕೊಂಡವು ಪಬ್ ಕಂಪನಿಗಳು. ಬಾಡಿಗೆಯೂ ಅವರದೇ, ಬಿಯರೂ ಅವರು ಹೇಳಿದ ಬೆಲೆಗೇ. 2016ರ ನಿಯಮಾವಳಿ ದೊಡ್ಡ ಕಂಪನಿಗಳ ಬಾಡಿಗೆದಾರರಿಗೆ, ಕಟ್ಟು ಬೇಡ, ಮಾರುಕಟ್ಟೆಯ ಬಾಡಿಗೆ ಮಾತ್ರ ಕೊಡುತ್ತೇನೆ ಎನ್ನುವ ಹಕ್ಕು ಕೊಟ್ಟಿತು. ಎಲ್ಲಕ್ಕಿಂತ ದೊಡ್ಡ ಆಮಿಷ ಬೇರೆ: ಚೆಂದದ ಹಳ್ಳಿಯಲ್ಲಿ ಪಬ್ ಆಗಿರುವುದಕ್ಕಿಂತ ಮನೆಯಾದರೆ ಕಟ್ಟಡಕ್ಕೆ ಬೆಲೆ ಹೆಚ್ಚು. 2017ರಿಂದ ಪಬ್ಬನ್ನು ಮನೆಯಾಗಿಸಲು, ಕೆಡವಲು ಯೋಜನಾ ಅನುಮತಿ ಬೇಕು. ಅದಕ್ಕೂ ಮುಂಚೆ 2011ರ ಸ್ಥಳೀಯತಾ ಕಾಯ್ದೆ ಊರಿನವರ ಕೈಗೆ ಒಂದು ಅಸ್ತ್ರ ಕೊಟ್ಟಿತ್ತು. 21 ಸ್ಥಳೀಯ ಮತದಾರರು ಸೇರಿ ಅರ್ಜಿ ಹಾಕಿ ಪಬ್ಬನ್ನು ಸಮುದಾಯದ ಸ್ವತ್ತು ಎಂದು ಪಟ್ಟಿ ಮಾಡಿಸಬಹುದು. ಮಾಲೀಕ ಮಾರಲು ಹೊರಟರೆ ಊರಿನವರು ಆರು ವಾರದೊಳಗೆ ಆಸಕ್ತಿ ತಿಳಿಸಬೇಕು, ಆಗ ಹಣ ಕೂಡಿಸಲು ಒಟ್ಟು ಆರು ತಿಂಗಳು ಸಿಗುತ್ತದೆ. ಆದರೆ ಅವರಿಗೇ ಮಾರಬೇಕೆಂಬ ಕಡ್ಡಾಯ ಮಾಲೀಕನಿಗಿಲ್ಲ. ಅರ್ಜಿಯನ್ನು ಪಬ್ ಚೆನ್ನಾಗಿ ನಡೆಯುತ್ತಿರುವಾಗಲೇ ಹಾಕಬೇಕು. ಬಾಗಿಲು ಮುಚ್ಚಿದ ಮೇಲೆ ಎಚ್ಚೆತ್ತ ಊರುಗಳಿಗೆ ಆರು ತಿಂಗಳು ಸಾಕಾಗುವುದಿಲ್ಲ.

ಊರೇ ಪಬ್ ಕೊಂಡ ಉದಾಹರಣೆಗಳಲ್ಲಿ ನಾರ್ತ್ ಯಾರ್ಕ್‌ಶೈರಿನ ಹಡ್ಸ್‌ವೆಲ್ ಎದ್ದು ಕಾಣುತ್ತದೆ. ರಿಚ್ಮಂಡ್ ಪಟ್ಟಣದ ಹತ್ತಿರ, ಸ್ವೇಲ್ ನದಿಯ ಮೇಲ್ದಂಡೆಯ ಸಣ್ಣ ಊರು. ಅಲ್ಲಿನ ‘ಜಾರ್ಜ್ ಅಂಡ್ ಡ್ರಾಗನ್’ 2008ರಲ್ಲಿ ಮುಚ್ಚಿತು. ಊರಿನವರು ಷೇರು ಹಣ ಕೂಡಿಸಿ ಕೊಂಡು 2010ರಲ್ಲಿ ತೆರೆದರು. ಇಂಥ ಸಂಘಗಳಲ್ಲಿ ಎಷ್ಟು ಷೇರು ಇದ್ದರೂ ಒಬ್ಬರಿಗೆ ಒಂದೇ ಮತ. ಅವರು ಬರೀ ಪಬ್ ತೆರೆಯಲಿಲ್ಲ: ಒಳಗೊಂದು ಪುಟ್ಟ ಅಂಗಡಿ, ಒಂದು ಗ್ರಂಥಾಲಯ, ಹಿಂದೆ ಊರವರು ತರಕಾರಿ ಬೆಳೆಯುವ ತುಂಡು ಭೂಮಿ. ಬ್ರೆಡ್ಡಿಗೆ ಬಂದವರು, ಪುಸ್ತಕ ಮರಳಿಸಲು ಬಂದವರು, ತರಕಾರಿಗೆ ನೀರು ಹಾಕಿ ಕೈ ತೊಳೆಯಲು ಬಂದವರು ಅರ್ಧ ಪೈಂಟಿಗೆ ಕೂರುತ್ತಾರೆ. ಪೀಪಾಯಿ ತಿರುಗುತ್ತದೆ. ಕ್ಯಾಮ್ರಾ ಈ ಪಬ್ಬನ್ನು 2016ರ ರಾಷ್ಟ್ರೀಯ ಪಬ್ ಎಂದು ಆರಿಸಿತು.

ಇಂಥ ಪಬ್‌ಗೆ ಹೋಗುವವರು ಮೇಜಿನ ಬಳಿ ಕುಳಿತು ಕಾಯಬೇಡಿ, ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಕೌಂಟರಿಗೇ ಹೋಗಿ ಹೇಳಿ, ಅಲ್ಲೇ ಹಣ ಕೊಡಬೇಕು. ಸಾಲು ಕಾಣದಿದ್ದರೂ ಯಾರ ನಂತರ ಯಾರು ಎಂಬುದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿರುತ್ತದೆ. ಜೊತೆಗೆ ಬಂದವರಿದ್ದರೆ ಒಬ್ಬರು ಎಲ್ಲರಿಗೂ ತರುವುದು, ಮುಂದಿನ ಸರದಿ ಇನ್ನೊಬ್ಬರದು. ಕುಡಿಯದವರಿಗೆ ಶುಂಠಿ ಬಿಯರ್, ಕಾಫಿ ಎಲ್ಲ ಇರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ವಾರದ ಮೊದಲ ದಿನಗಳಲ್ಲಿ ಹೋದರೆ ಇವತ್ತು ತೆರೆದ ಪೀಪಾಯಿ ಯಾವುದು ಎಂದು ಕೇಳಿ, ಶುಕ್ರವಾರ ತೆರೆದದ್ದು ಮಂಗಳವಾರಕ್ಕೆ ಉಳಿದಿದ್ದರೆ ಅದನ್ನು ಬಿಡಿ. ಒಂದು ಗುಟುಕು ರುಚಿ ನೋಡಲು ಕೊಡಿ ಎಂದರೆ ಕೊಡುತ್ತಾರೆ. ಪೈಂಟ್ ತಂದು ಕುಳಿತ ಮೇಲೆ ಹುಳಿ ವಾಸನೆ ಬಂದರೆ ಅರ್ಧ ಕುಡಿದು ಹೇಳಬೇಡಿ. ಎರಡನೇ ಗುಟುಕಿಗೇ ಎದ್ದು ಹೋಗಿ, ಇದು ಹುಳಿಯಾದಂತಿದೆ ಎಂದು ಮೆಲ್ಲಗೆ ಹೇಳಿ. ಒಳ್ಳೆಯ ಯಜಮಾನ ಮರುಮಾತಿಲ್ಲದೆ ಬೇರೆ ಗ್ಲಾಸು ತುಂಬುತ್ತಾನೆ, ಆಮೇಲೆ ಆ ಪಂಪಿನ ಮೇಲಿನ ಹೆಸರಿನ ಬಿಲ್ಲೆಯನ್ನು ಹಿಂದಕ್ಕೆ ತಿರುಗಿಸಿ ಮಾಳಿಗೆಗೆ ಇಳಿಯುತ್ತಾನೆ.